ಸಿಂಗಾಪುರದಲ್ಲಿ ಎಂಟು ಗಂಟೆ: ರಾಜಾ ಕುಳ್ಳರ ಊರು ಎಲ್ಲಿ ಹೋಯ್ತು?

ಕನ್ನಡ ಚಿತ್ರದ ಹೊರಾಂಗಣ ಅಂದ್ರೆ ಜೋಗ, ಊಟಿ, ನಂದಿಬೆಟ್ಟ ಅನ್ನುತ್ತಿದ್ದ ಕಾಲ ಅದು. ಆಗ ಕ್ಯಾಮೆರಾ, ಡಬ್ಬ, ನಟನಟಿಯರು ಎಲ್ಲವನ್ನೂ ವಿಮಾನಕ್ಕೆ ಹತ್ತಿಸಿ ಸಮುದ್ರ ದಾಟಿಸಿದ ಭೂಪ ಯಾರು ಅಂತ ಚಿತ್ರರಸಿಕರಿಗೆ ಹೇಳಬೇಕಿಲ್ಲ. ಪ್ರಚಂಡ ಕುಳ್ಳ ದ್ವಾರಕೀಶ್! 1978ರಲ್ಲಿ ಬಂದ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ಚಿತ್ರಕ್ಕೆ ಸಿ.ವಿ. ರಾಜೇಂದ್ರನ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ವಿಷ್ಣುವರ್ಧನ್, ಮಂಜುಳಾ, ಜೊತೆಗೆ ಕುಳ್ಳ. ವಿದೇಶದಲ್ಲಿ ಚಿತ್ರೀಕರಣಗೊಂಡ ಮೊದಲ ಕನ್ನಡ ಚಿತ್ರ ಅನ್ನುವ ಹೆಸರು ಇವತ್ತಿಗೂ ಅದರದ್ದೇ. ಆಗ ಸಿಂಗಾಪುರದ ಗಾಳಿ ಎಲ್ಲರಿಗೂ ಬೀಸಿತ್ತು ಅಂತ ಕಾಣುತ್ತೆ. ರಜನಿಕಾಂತ್, ಶ್ರೀದೇವಿ, ನಮ್ಮ ಅಂಬರೀಶ್ ಇದ್ದ ‘ಪ್ರಿಯಾ’ ಕೂಡ ಅದೇ ಊರಿಗೆ ಹೋಗಿತ್ತು. ತಮಿಳಿನಲ್ಲೂ ಕನ್ನಡದಲ್ಲೂ ತಯಾರಾದ ಚಿತ್ರ ಅದು.

ನಾನು ಹುಟ್ಟಿದ್ದು ಇದೆಲ್ಲ ಆಗಿ ಸುಮಾರು ಇಪ್ಪತ್ತು ವರ್ಷಕ್ಕೆ. ಆದರೆ ಮಂಡ್ಯ ಕಡೆಯ ಟೆಂಟಿನಲ್ಲಿ ರಾಜಾ ಕುಳ್ಳನನ್ನು ಮೂರು ಸಲ ನೋಡಿದ್ದ ಅಪ್ಪ, ಆ ಊರಿನ ವರ್ಣನೆ ಎಷ್ಟು ಸಲ ಮಾಡಿದ್ದರು ಅಂದ್ರೆ, ಸಿಂಗಾಪುರ ನನಗೆ ಮದ್ದೂರಿನ ಪಕ್ಕದ ಊರಿನ ಹಾಗಾಗಿಬಿಟ್ಟಿತ್ತು. ಬಾಲಿಯಿಂದ ಬೆಂಗಳೂರಿಗೆ ವಾಪಸ್ ಬರುವಾಗ ವಿಮಾನ ಬದಲಿಸಲು ಅಲ್ಲಿ ಹನ್ನೊಂದು ಗಂಟೆ ಬಿಡುವು ಸಿಕ್ಕಿತು. ವಿಮಾನ ನಿಲ್ದಾಣಕ್ಕೇ ಮೂರು ಗಂಟೆ ಬಿಟ್ಟರೆ ಕೈಯಲ್ಲಿ ಉಳಿದದ್ದು ಎಂಟು. ಮಿತ್ರರೇ, ಒಂದು ಕಿವಿಮಾತು. ನಮ್ಮ ಪಾಸ್‌ಪೋರ್ಟಿನವರಿಗೆ ಅಲ್ಲಿ ಸಾಮಾನ್ಯವಾಗಿ ವೀಸಾ ಇಲ್ಲದೆ ಊರೊಳಗೆ ಬಿಡೋದಿಲ್ಲ. ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿ. ಅಲ್ಲಿನ ಒಂದು ಡಾಲರಿಗೆ ನಮ್ಮದು ಅರವತ್ತೈದಕ್ಕೂ ಮೇಲೆ. ಹಾಗಾಗಿ ಕೈ ಜೇಬಿಗೆ ಹೋಗುವ ಮೊದಲು ಮನಸ್ಸು ಒಂದು ಗುಣಾಕಾರ ಮಾಡಿಬಿಡುತ್ತೆ!

ಸಿಂಹದ ಊರಲ್ಲಿ

ಈಗ ವಿಮಾನ ಇಳಿಯುವುದು ಚಾಂಗಿಯಲ್ಲಿ. ಅದು ಶುರುವಾದದ್ದೇ 1981ರಲ್ಲಿ. ರಾಜಾ ಕುಳ್ಳರ ಕಾಲಕ್ಕೆ ನಿಲ್ದಾಣ ಇದ್ದದ್ದು ಪಾಯಾ ಲೇಬರ್‌ನಲ್ಲಿ. ನಾನು ಕೂತ ಮೆಟ್ರೋ ರೈಲೂ ಆಗ ಇರಲಿಲ್ಲ, ಅದು ಓಡಿದ್ದು 1987ರಿಂದ. ರಾಫಲ್ಸ್ ಪ್ಲೇಸಿನಲ್ಲಿ ಇಳಿದು ನೀರಿನ ಕಡೆ ನಡೆದರೆ ಮೆರ್‌ಲಯನ್ ಸಿಗುತ್ತೆ. ಸಿಂಹದ ತಲೆ, ಮೀನಿನ ಬಾಲ, ಬಾಯಿಂದ ಧೋ ಅಂತ ನೀರು. 1972ರಲ್ಲಿ ನದಿ ಸಮುದ್ರ ಸೇರುವ ಕಡೆ ನಿಲ್ಲಿಸಿದ್ದರಂತೆ. 1997ರಲ್ಲಿ ಮುಂದೆ ಸೇತುವೆ ಬಂದು ಅದರ ಮುಖವೇ ಮರೆಯಾಯ್ತು. ಆದ್ದರಿಂದ 2002ರಲ್ಲಿ ಸಿಂಹವನ್ನೇ ಎತ್ತಿ ನೂರು ಮೀಟರಿಗೂ ಆಚೆ ಕೂರಿಸಿದರು! ಸೇತುವೆ ಅಲ್ಲಾಡಲಿಲ್ಲ, ಸಿಂಹ ಜಾಗ ಬಿಟ್ಟಿತು. ಸಿಂಗಾಪುರ ಅಂದ್ರೆ ಸಿಂಹಪುರ. ನಮ್ಮ ನಾಯಕನಿಗೆ ‘ಸಾಹಸಸಿಂಹ’ ಬಿರುದು ತಂದ ಚಿತ್ರ ಬಂದದ್ದು 1982ರಲ್ಲಿ. ಅಂದರೆ ಸಿಂಹದ ಊರಿಗೆ ಸಿಂಹ ಆಗುವ ಮೊದಲೇ ಹೋಗಿಬಂದಿದ್ದರು ವಿಷ್ಣು.

ಎದುರುಗಡೆ ನೀರಿನಾಚೆ ಮೂರು ಗೋಪುರ, ಮೂರರ ತಲೆ ಮೇಲೂ ಸೇರಿಸಿ ಒಂದು ಹಡಗು ಇಟ್ಟ ಹಾಗಿರುವ ಮರೀನಾ ಬೇ ಸ್ಯಾಂಡ್ಸ್. ಎಲ್ಲರೂ ಅದಕ್ಕೆ ಬೆನ್ನು ಮಾಡಿ ಫೋಟೋ ಹೊಡೆಸಿಕೊಳ್ತಿದ್ರು. ಅದು ತೆರೆದದ್ದು 2010ರಲ್ಲಿ. ಕಟ್ಟಡ ಹಾಗಿರಲಿ, ಅದರ ಕೆಳಗಿನ ನೆಲವೇ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ್ದು. 1965ರಲ್ಲಿ ಸ್ವತಂತ್ರವಾದಾಗ ಸುಮಾರು 580 ಚದರ ಕಿಲೋಮೀಟರ್ ಇದ್ದ ದೇಶ ಈಗ 730 ದಾಟಿದೆ. ಅಪ್ಪ ಟೆಂಟಿನಲ್ಲಿ ಕೂತು ನೋಡಿದ ಊರು ನನಗೆಲ್ಲಿ ಸಿಗಬೇಕು, ಹೇಳಿ!

ಅಲ್ಲಿಂದ ರೈಲು ಹತ್ತಿ ಧೋಬಿ ಘಾಟ್‌ನಲ್ಲಿ ಇಳಿದೆ. ಹೌದ್ರೀ, ಹೆಸರೇ ಧೋಬಿ ಘಾಟ್. ನಮ್ಮ ದೇಶದಿಂದ ಹೋದ ಅಗಸರು ಬಟ್ಟೆ ಒಗೆಯುತ್ತಿದ್ದ ಜಾಗ. ಈಗ ಒಗೆಯೋಕೆ ಹನಿ ನೀರೂ ಕಾಣದು. ಅಲ್ಲೇ ಪಕ್ಕದಲ್ಲಿ ಕ್ಯಾಥೇ. 1939ರಲ್ಲಿ ತೆರೆದ ಚಿತ್ರಮಂದಿರ, ಆ ಊರಿನ ಮೊಟ್ಟಮೊದಲ ಏರ್ ಕಂಡೀಷನ್ಡ್ ಟಾಕೀಸು. ಎದುರು ನಿಂತರೆ ಹಳೆಯ ಮುಖ ಠೀವಿಯಾಗಿದೆ. ಪಕ್ಕಕ್ಕೆ ಸರಿದು ನೋಡಿದರೆ ಮುಖದ ಹಿಂದೆ ಬೇರೆಯದೇ ಮೈ! ಮುಂಭಾಗ ಉಳಿಸಿಕೊಂಡು ಉಳಿದದ್ದನ್ನು ಹೊಸದಾಗಿ ಕಟ್ಟಿದ್ದಾರೆ. ಮುಖಕ್ಕಾದರೂ ಬೆಲೆ ಕೊಟ್ಟರಲ್ಲ ಅಂದುಕೊಂಡೆ. ನಮ್ಮ ಗಾಂಧಿನಗರದ ಕಪಾಲಿಗೆ ಅಷ್ಟೂ ಸಿಗಲಿಲ್ಲ.

ಕಬ್ಬಿನ ಸಿಪ್ಪೆ ಬೀದಿ

ಲಿಟಲ್ ಇಂಡಿಯಾದ ತೆಕ್ಕಾ ಮಾರ್ಕೆಟ್ಟಿನಲ್ಲಿ ದೋಸೆ ತಿಂದು, ಕಂಡೆನ್ಸ್ಡ್ ಹಾಲು ಹಾಕಿದ ‘ಕೊಪಿ’ ಕುಡಿದು (ಹಾಲು ಬೇಡ ಅಂದ್ರೆ ‘ಕೊಪಿ ಓ’ ಅನ್ನಬೇಕು) ಸೆರಂಗೂನ್ ರಸ್ತೆ ಹಿಡಿದೆ. ವೀರಮಾಕಾಳಿಯಮ್ಮನ ಗುಡಿ, ಶ್ರೀನಿವಾಸ ಪೆರುಮಾಳ್ ಗುಡಿ ದಾಟಿ, ಬಾಲೆಸ್ಟಿಯರ್ ರಸ್ತೆಗೆ ಎಡಕ್ಕೆ ತಿರುಗಿ, ಬೆವರು ಸುರಿಸುತ್ತ ನಡೆದರೆ ಒಂದು ಸಣ್ಣ ಬೀದಿ. ಹೆಸರು ಜಾಲಾನ್ ಆಂಪಾಸ್.

ಮಲಯ್ ಭಾಷೆಯಲ್ಲಿ ಜಾಲಾನ್ ಅಂದ್ರೆ ಬೀದಿ. ಆಂಪಾಸ್ ಅಂದ್ರೆ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ. 1830ರ ದಶಕದಲ್ಲಿ ಬಾಲೆಸ್ಟಿಯರ್ ಎಂಬ ಅಮೆರಿಕದ ಕಾನ್ಸಲ್ ಇಲ್ಲಿ ಕಬ್ಬು ಬೆಳೆಸಿದ್ದ. ಮಂಡ್ಯದವನಿಗೆ ಇದಕ್ಕಿಂತ ಇನ್ನೇನು ಬೇಕು! ಆದರೆ ನಾನು ಹೋದದ್ದು ಕಬ್ಬಿಗಲ್ಲ. ಆ ಬೀದಿಯ 8ನೇ ನಂಬರಿನಲ್ಲಿ ಶಾ ಸಹೋದರರ ‘ಮಲಯ್ ಫಿಲ್ಮ್ ಪ್ರೊಡಕ್ಷನ್ಸ್’ ಸ್ಟುಡಿಯೋ ಇತ್ತು. 1947ರಿಂದ 1967ರವರೆಗೆ ಇಲ್ಲಿಂದ ಹೊರಬಿದ್ದದ್ದು ನೂರೈವತ್ತಕ್ಕೂ ಹೆಚ್ಚು ಚಿತ್ರ. ಬಹಳಷ್ಟಕ್ಕೆ ನಿರ್ದೇಶಕರು ಯಾರು ಗೊತ್ತೇ? ನಮ್ಮ ದೇಶದವರು! ಬಿ.ಎಸ್. ರಾಜಹಂಸ್, ಎಲ್. ಕೃಷ್ಣನ್, ಎಸ್. ರಾಮನಾಥನ್, ಬಿ.ಎನ್. ರಾವ್, ಮುಂಬಯಿಯಿಂದ ಬಂದ ಫಣಿ ಮಜುಂದಾರ್. ಹಾಡು, ಅಳು, ತಾಯಿ-ಮಗ, ಕೊನೆಯಲ್ಲಿ ಹೊಡೆದಾಟ... ಆ ಮಸಾಲೆ ಇಲ್ಲಿಂದಲೇ ಹೋದದ್ದು.

ಈ ಗೇಟಿನೊಳಗೆ 1948ರಲ್ಲಿ ಪೆನಾಂಗಿನಿಂದ ಬಂದ ಒಬ್ಬ ಹುಡುಗ ಕಾಲಿಟ್ಟ. ವಯಸ್ಸು ಹತ್ತೊಂಬತ್ತು. ಹಿನ್ನೆಲೆಯಲ್ಲಿ ಹಾಡಿದ, ಕ್ಲ್ಯಾಪ್ ಹೊಡೆದ, ಚಿಲ್ಲರೆ ಪಾತ್ರ ಮಾಡಿದ. 1955ರಲ್ಲಿ ಸೈಕಲ್ ರಿಕ್ಷಾದವನ ಕಥೆ ‘ಪೆನಾರಿಕ್ ಬೆಚಾ’ ನಿರ್ದೇಶಿಸಿ ತಾನೇ ನಾಯಕನೂ ಆದ. ಅವರೇ ಪಿ. ರಾಮ್ಲಿ. ಅರವತ್ತಕ್ಕೂ ಹೆಚ್ಚು ಚಿತ್ರದಲ್ಲಿ ನಟನೆ, ಮೂವತ್ತಕ್ಕೂ ಹೆಚ್ಚಿಗೆ ನಿರ್ದೇಶನ, ಹಾಡುಗಳಿಗಂತೂ ಲೆಕ್ಕವಿಲ್ಲ. ಸ್ಟುಡಿಯೋದಲ್ಲಿ ತಾರೆಯರಿಗೂ ತಿಂಗಳ ಸಂಬಳ! 1957ರಲ್ಲಿ ಕಲಾವಿದರ ಸಂಘದ ಐವರನ್ನು ಕೆಲಸದಿಂದ ತೆಗೆದಾಗ ಮುಷ್ಕರವಾಯ್ತು. ಆಗ ಸಂಘದ ಅಧ್ಯಕ್ಷರು ಇದೇ ರಾಮ್ಲಿ. ತೆರೆಯ ಮೇಲೆ ಬಡವರ ಪರ ಮಾತಾಡಿ ಕೆಳಗಿಳಿದ ಮೇಲೆ ಸುಮ್ಮನಾಗುವ ಜಾತಿಯಲ್ಲ.

ಆಮೇಲೆ ಇಂಡೋನೇಷ್ಯಾ ಜೊತೆ ಜಗಳವಾಗಿ ಅಲ್ಲಿನ ಮಾರುಕಟ್ಟೆ ಹೋಯ್ತು, ಮನೆಮನೆಗೆ ಟಿ.ವಿ. ಬಂತು, ಸಿಂಗಾಪುರ-ಮಲೇಷ್ಯಾ ಬೇರೆಯಾದವು. 1967ರಲ್ಲಿ ಸ್ಟುಡಿಯೋಗೆ ಬಾಗಿಲು. 1964ರಲ್ಲೇ ಕೌಲಾಲಂಪುರಕ್ಕೆ ಹೋಗಿದ್ದ ರಾಮ್ಲಿಗೆ ಅಲ್ಲಿ ಹಳೆಯ ಯಶಸ್ಸು ಒಲಿಯಲಿಲ್ಲ. 1973ರ ಮೇ 29ರಂದು ಹೃದಯಾಘಾತ. ವಯಸ್ಸು ಬರೀ ನಲವತ್ತನಾಲ್ಕು.

ಗೇಟಿನ ಮುಂದೆ ಅಜ್ಜ

ನಾನು ಹೋದಾಗ ಗೇಟಿಗೆ ಬೀಗ. ಆಚೀಚೆ ಎತ್ತರದ ಫ್ಲಾಟುಗಳು, ಮಧ್ಯದಲ್ಲಿ ಮಂಕಾದ ಹಳೆಯ ಕಟ್ಟಡ. ಅಲ್ಲಿನ ಪಾರಂಪರಿಕ ನಡಿಗೆಯ ದಾರಿಯಲ್ಲಿ ಇದನ್ನು ಸೇರಿಸಿದ್ದಾರೆ, ಒಳಗೆ ಹೋಗುವ ಹಾಗಿಲ್ಲ. ಗೇಟಿನ ಮುಂದೆ ಒಬ್ಬ ಮಲಯ್ ಅಜ್ಜ, ಪಕ್ಕದಲ್ಲಿ ಮೊಮ್ಮಗ. ಜೊಹೋರಿನಿಂದ ಗಡಿ ದಾಟಿ ಬಂದಿದ್ದರು. ಹುಡುಗ ಫೋನಿನಲ್ಲಿ ಅಜ್ಜನ ಫೋಟೋ ತೆಗೀತಿದ್ದ. ‘ಎಲ್ಲಿಯವರು?’ ಅಂದ. ಇಂಡಿಯಾ ಅಂದೆ. ಅದು ಕಿವಿಗೆ ಬಿದ್ದದ್ದೇ ಅಜ್ಜ ಬೆರಳು ಮಡಿಸತೊಡಗಿದರು: ‘ರಾಜಹಂಸ್! ಕೃಷ್ಣನ್! ಮಜುಂದಾರ್!’ ನಾನೇನೋ ಅವರ ಸಂಬಂಧಿಕ ಅನ್ನೋ ಹಾಗೆ ಕೈ ಹಿಡಿದು ಕುಲುಕಿದರು.

ಮೊಮ್ಮಗ ಅನುವಾದ ಮಾಡುತ್ತ ಹೋದ. ರಾಮ್ಲಿ ಇದ್ದ ಕೊನೆಯ ಮನೆ ಕೌಲಾಲಂಪುರದಲ್ಲಿ 1986ರಿಂದ ಸ್ಮಾರಕವಾಗಿದೆಯಂತೆ, ಅಜ್ಜ ಅಲ್ಲಿಗೂ ಹೋಗಿದ್ದಾರೆ. ಆಮೇಲೆ ಕೇಳಿದರು: ‘ನಿಮ್ಮೂರಿನ ದೊಡ್ಡ ನಟನ ಜಾಗಕ್ಕೂ ಹೀಗೇ ಜನ ಹೋಗ್ತಾರಾ?’

ಏನಂತ ಹೇಳೋದು? ಡಾ. ರಾಜ್ ಸಮಾಧಿಗೆ ಹೋಗುವ ಜನರ ವಿಷಯ ಹೇಳಿದೆ. ಈ ಊರಿಗೇ ಬಂದು ಕುಣಿದುಹೋದ ನಮ್ಮ ವಿಷ್ಣು 2009ರ ಡಿಸೆಂಬರ್ 30ರಂದು ಹೋದದ್ದು, ಮೈಸೂರಿನಲ್ಲಿ 2023ರಲ್ಲಿ ಸ್ಮಾರಕ ತೆರೆದದ್ದು ಹೇಳಿದೆ. ಚಿತೆ ಉರಿದ ಅಭಿಮಾನ್ ಸ್ಟುಡಿಯೋದ ಜಾಗದಲ್ಲಿ ಅಭಿಮಾನಿಗಳು ಕೈ ಮುಗಿಯುತ್ತಿದ್ದ ಸಮಾಧಿಯನ್ನು 2025ರ ಆಗಸ್ಟಿನಲ್ಲಿ ನೆಲಸಮ ಮಾಡಿದ್ದನ್ನೂ ಹೇಳಿದೆ. ಹುಡುಗ ಅನುವಾದ ಮಾಡಿದ. ಅಜ್ಜ ಏನೂ ಅನ್ನಲಿಲ್ಲ. ಗೇಟಿನ ಕಂಬಿ ಹಿಡಿದುಕೊಂಡರು, ಅಷ್ಟೆ.

ಆಲೆಮನೆಯಲ್ಲಿ ಸಿಪ್ಪೆಯನ್ನೂ ಎಸೆಯೋದಿಲ್ಲ. ಒಣಗಿಸಿ ಕೊಪ್ಪರಿಗೆಯ ಕೆಳಗೆ ಉರಿಸ್ತಾರೆ ಅಂತ ಹೇಳೋಣ ಅಂದುಕೊಂಡೆ. ಎರಡು ಭಾಷೆ ದಾಟಿಸಿ ಹೇಳುವ ತಾಕತ್ತು ನನ್ನ ಇಂಗ್ಲಿಷಿಗೆ ಇರಲಿಲ್ಲ.

ರಾಮ್ಲಿಯ ‘ಸೆನಿಮಾನ್ ಬುಜಾಂಗ್ ಲಾಪೋಕ್’ 1961ರದು. ಸಿಕ್ಕರೆ ಬಿಡಬೇಡಿ, ಭಾಷೆ ಬಾರದಿದ್ದರೂ ನಗು ಬರುತ್ತೆ. ಕೆಲಸವಿಲ್ಲದ ಮೂವರು ಗೆಳೆಯರು ಸಿನಿಮಾ ನಟರಾಗಬೇಕು ಅಂತ ಸ್ಟುಡಿಯೋಗೆ ಬರ್ತಾರೆ. ಚಿತ್ರದಲ್ಲಿರೋ ಸ್ಟುಡಿಯೋ ಇದೇ ಜಾಲಾನ್ ಆಂಪಾಸ್! ಹುಡುಗ ಆ ದೃಶ್ಯವನ್ನು ಫೋನಿನಲ್ಲಿ ಹಾಕಿದ. ನಾವು ಮೂವರೂ ರಸ್ತೆ ಬದಿಯಲ್ಲಿ ತಲೆಗೆ ತಲೆ ತಾಗಿಸಿ ನೋಡಿದೆವು. ಅಜ್ಜನಿಗೆ ಪ್ರತಿ ಮಾತೂ ಬಾಯಿಪಾಠ, ನಟರಿಗಿಂತ ಒಂದು ಗಳಿಗೆ ಮುಂಚೆಯೇ ಹೇಳಿಬಿಡ್ತಿದ್ರು.

ನನ್ನ ಬಸ್ಸಿನ ಹೊತ್ತಾಯ್ತು. ರಸ್ತೆ ತಿರುವಿನಲ್ಲಿ ಹಿಂದಿರುಗಿ ನೋಡಿದರೆ, ಅಜ್ಜ ಆ ದೃಶ್ಯವನ್ನು ಇನ್ನೊಂದು ಸಲ ಹಾಕು ಅಂತ ಮೊಮ್ಮಗನ ತೋಳು ಎಳೀತಿದ್ರು.