ಕ್ರಾಕೋವ್ ನಗರಕ್ಕೆ ಒಯ್ದ ನಾಲ್ಕು ಮಾತು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಮಾತು ಅರಿಯದವರಿಗೆ ಮುಂದಿಟ್ಟ ಊಟವೂ ಕೈತಪ್ಪೀತೆಂಬುದನ್ನು ನಾವು ಪೋಲೆಂಡ್ ದೇಶದ ಕ್ರಾಕೋವ್ ನಗರದಲ್ಲಿ ಕಂಡುಕೊಂಡೆವು.

ನಮ್ಮ ಮಗನು ಅಲ್ಲಿ ಉದ್ಯೋಗದಲ್ಲಿರುವನು. ಒಂದು ಚಳಿಗಾಲದಲ್ಲಿ ಅವನು ಜ್ವರದಿಂದ ಹಾಸಿಗೆ ಹಿಡಿದಾಗ ಕೆಳಗಿನ ಮನೆಯ ವೃದ್ಧೆಯೊಬ್ಬರು ಎಂಟು ದಿನ ಬಿಸಿ ಸಾರು ಕೊಟ್ಟು ಉಪಚರಿಸಿದರು. ಆ ತಾಯಿಯನ್ನು ಕಂಡು ಕೃತಜ್ಞತೆ ಹೇಳದೆ ನಮಗೆ ಸಮಾಧಾನವಿರಲಿಲ್ಲ. ಮಗನು ನಡುವೆ ಕುಳಿತು ಅನುವಾದಿಸಬಲ್ಲನು, ನಿಜ. ಆದರೆ ಉಪಕಾರಸ್ಮರಣೆಯನ್ನು ಮತ್ತೊಬ್ಬರ ಬಾಯಿಂದ ಹೇಳಿಸುವುದು ಸರಿಯೆನಿಸಲಿಲ್ಲ. ಆದ್ದರಿಂದ ಬೆಳಗಾವಿಯಿಂದ ಹೊರಡುವ ಮುನ್ನವೇ ನಾವು ದಂಪತಿಗಳು ಪೋಲಿಷ್ ಭಾಷೆಯ ನಾಲ್ಕು ಮಾತು ಕಲಿಯಲು ಕುಳಿತೆವು.

ಮೊದಲನೆಯದು ‘ಜೆಞ್ ದೋಬ್ರಿ’. ‘ಒಳ್ಳೆಯ ದಿನ’ ಎಂದು ಇದರ ಅರ್ಥ. ಹಗಲೆಲ್ಲ ಸಲ್ಲುವ ನಮಸ್ಕಾರವಿದು. ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ನಮ್ಮ ‘ಞ’ಕಾರವು ಇಲ್ಲಿ ಉಪಯೋಗಕ್ಕೆ ಬಂದುದು ಸೋಜಿಗ! ಎರಡನೆಯದು ಕೃತಜ್ಞತೆಯ ‘ಜೆಂಕುಯೆ’. ಪೋಲಿಷ್ ಪದಗಳಲ್ಲಿ ಸಾಮಾನ್ಯವಾಗಿ ಕೊನೆಯದರ ಹಿಂದಿನ ಅಕ್ಷರವನ್ನು ಒತ್ತಿ ನುಡಿಯುವರು. ಇಲ್ಲಿ ‘ಕು’ ಎಂಬುದನ್ನು ಒತ್ತಬೇಕು. ಮೂರನೆಯದು ‘ಪ್ರೋಷೆ’. ದಯವಿಟ್ಟು, ತೆಗೆದುಕೊಳ್ಳಿರಿ, ಒಳಗೆ ಬನ್ನಿರಿ, ಪರವಾಗಿಲ್ಲ ಎಂಬ ಎಲ್ಲ ಭಾವಗಳಿಗೂ ಇದೊಂದೇ ಮಾತು. ನಾಲ್ಕನೆಯದು ಬೀಳ್ಕೊಳ್ಳುವಾಗಿನ ‘ದೋ ವಿಜೇಞಾ’, ಎಂದರೆ ‘ಮತ್ತೆ ಕಾಣುವವರೆಗೆ’. ‘ಹೋಗುತ್ತೇವೆ’ ಎನ್ನದೆ ‘ಹೋಗಿ ಬರುತ್ತೇವೆ’ ಎನ್ನುವ ನಮ್ಮ ಸಂಸ್ಕಾರವೇ ಅಲ್ಲಿಯೂ ಉಂಟು.

ಹಿರಿಯರನ್ನೂ ಅಪರಿಚಿತರನ್ನೂ ಅಲ್ಲಿ ‘ನೀನು’ ಎನ್ನುವಂತಿಲ್ಲ. ಪುರುಷರಿಗೆ ‘ಪಾನ್’, ಸ್ತ್ರೀಯರಿಗೆ ‘ಪಾನಿ’ ಎನ್ನಬೇಕು. ಎದುರಿಗಿದ್ದವರನ್ನೇ ‘ಪಾನಿ ಏನು ಕುಡಿಯುವರು?’ ಎಂದು ಕೇಳುವುದು ಅವರ ಮರ್ಯಾದೆ. ನಮ್ಮ ಹಳ್ಳಿಗಳಲ್ಲಿ ‘ಗೌಡರು ಬರಬೇಕು, ಕೂಡಬೇಕು’ ಎನ್ನುವುದಿಲ್ಲವೇ, ಹಾಗೆಯೇ.

ಕ್ರಾಕೋವ್ ತಲುಪಿದ ಮರುದಿನ ನಗರದ ದೊಡ್ಡ ಚೌಕಕ್ಕೆ ಹೋದೆವು. 1257ರಲ್ಲಿ ರೂಪುಗೊಂಡ ಈ ಚೌಕದ ಒಂದೊಂದು ಬದಿಯೂ ಸುಮಾರು 200 ಮೀಟರು. ಪಕ್ಕದ ಸಂತ ಮೇರಿ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ಕಹಳೆ ಮೊಳಗಿ, ರಾಗದ ನಡುವೆಯೇ ಥಟ್ಟನೆ ನಿಲ್ಲುತ್ತದೆ. ಅಲ್ಲಿಯ ಹೂವಾಡಗಿತ್ತಿಗೆ ‘ಜೆಞ್ ದೋಬ್ರಿ’ ಎಂದಾಗ ಆಕೆಯ ಮುಖವರಳಿತು. ಆರು ಹೂ ಆರಿಸಿದ್ದೆವು. ಸಮಸಂಖ್ಯೆಯ ಹೂಗಳು ಶವಸಂಸ್ಕಾರಕ್ಕೆಂದು ಮಗನು ತಿಳಿಸಲು, ಇನ್ನೊಂದನ್ನು ಸೇರಿಸಿ ಏಳು ಕೊಂಡೆವು.

ಸಂಜೆ ವೃದ್ಧೆಯ ಮನೆಯ ಬಾಗಿಲು ತೆರೆಯಿತು. ನಾವು ಹೊರಗಿನಿಂದಲೇ ಕೈ ನೀಡಿದೆವು. ಅವರು ತಮ್ಮ ಕೈ ಹಿಂದೆ ಸರಿಸಿದರು! ನಮ್ಮ ಮನ ಮುದುಡಿತು. ಮರುಕ್ಷಣವೇ ‘ಪ್ರೋಷೆ, ಪ್ರೋಷೆ’ ಎಂದು ಒಳಗೆ ಕರೆದು ಎರಡೂ ಕೈ ಹಿಡಿದುಕೊಂಡರು. ಹೊಸ್ತಿಲ ಮೇಲೆ ಕೈಕುಲುಕುವುದು ಅಲ್ಲಿ ಅಶುಭವಂತೆ.

ನಾವು ಶಾಕಾಹಾರಿಗಳೆಂದು ತಿಳಿದು ಆಲೂಗಡ್ಡೆ, ಗಿಣ್ಣದ ಹೂರಣ ತುಂಬಿದ, ಕಡುಬಿನಂತಹ ‘ಪಿಯೆರೋಗಿ’ ಮಾಡಿದ್ದರು. ತಟ್ಟೆ ಮುಂದೆ ಹಿಡಿದಾಗ ನಾವು ಅಭಿಮಾನದಿಂದ ‘ಜೆಂಕುಯೆ’ ಎಂದೆವು. ತಟ್ಟೆ ಹಿಂದಕ್ಕೆ ಹೋಯಿತು. ಮತ್ತೊಮ್ಮೆ ತಂದಾಗಲೂ ‘ಜೆಂಕುಯೆ’ ಎಂದೆವು. ಅವರ ಮುಖ ಬಾಡಿತು. ಮಗನು ನಕ್ಕು, ‘ಅಪ್ಪಾ, ಕೊಡಲು ಬಂದಾಗ ಬರೀ ಜೆಂಕುಯೆ ಎಂದರೆ ಬೇಡವೆಂದು ಅರ್ಥ. ಬೇಕಿದ್ದರೆ ತಾಕ್, ಪ್ರೋಷೆ ಅನ್ನಿ’ ಎಂದನು. ಕೃತಜ್ಞತೆ ಹೇಳಲೆಂದು ಅಷ್ಟು ದೂರ ಬಂದವರು ಆ ಮಾತಿನಿಂದಲೇ ಅವರ ಅನ್ನವನ್ನು ನಿರಾಕರಿಸಿದ್ದೆವು! ‘ತಾಕ್, ಪ್ರೋಷೆ’ ಎಂದೆವು. ವೃದ್ಧೆ ಕಣ್ಣೊರೆಸಿಕೊಳ್ಳುವಷ್ಟು ನಕ್ಕು ತಟ್ಟೆ ತುಂಬಿದರು.

ಊಟದ ನಡುವೆ ನಮ್ಮ ಊರು ಯಾವುದೆಂದು ಕೇಳಿದರು. ಮಗನು ನಕಾಶೆಯಲ್ಲಿ ಬೆಳಗಾವಿಯನ್ನೂ ಅದರ ಉತ್ತರಕ್ಕಿರುವ ಕೊಲ್ಲಾಪುರವನ್ನೂ ತೋರಿಸಿದನು. ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡ ಸುಮಾರು 5 ಸಾವಿರ ಪೋಲಿಷರಿಗೆ 1943ರಿಂದ 1948ರವರೆಗೆ ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ ಆಶ್ರಯ ದೊರೆತಿತ್ತು. ಅವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಅದನ್ನು ಕೇಳಿ ಅವರು ಬಹಳ ಹೊತ್ತು ನಕಾಶೆಯ ಮೇಲೆ ಬೆರಳಿಟ್ಟುಕೊಂಡೇ ಕುಳಿತರು. ಬಳಿಕ ‘ಗೋಶ್ಚ್ ವ್ ದೋಮ್, ಬುಗ್ ವ್ ದೋಮ್’ ಎಂದರು. ‘ಮನೆಗೆ ಅತಿಥಿ ಬಂದರೆ ದೇವರೇ ಬಂದಂತೆ’ ಎಂಬ ಅವರ ಗಾದೆಯದು.

ಹೊರಡುವಾಗ ಕೈಮುಗಿದು ‘ಜೆಂಕುಯೆ ಪಾನಿ’ ಎಂದೆವು. ಈ ಬಾರಿ ಅದು ತಪ್ಪದೆ ತಲುಪಿತು.

ಮಕ್ಕಳ ಬಳಿಗೆ ಪರದೇಶಕ್ಕೆ ಹೊರಟಿರುವ ತಾಯಿತಂದೆಗಳಲ್ಲಿ ನಮ್ಮದೊಂದು ಬಿನ್ನಹ: ಚಟ್ನಿಪುಡಿ, ಉಪ್ಪಿನಕಾಯಿಗಳೊಡನೆ ಆ ನಾಡಿನ ನಾಲ್ಕು ಮಾತುಗಳನ್ನೂ ಕಟ್ಟಿಕೊಂಡು ಹೋಗಿರಿ. ಉಚ್ಚಾರ ತಪ್ಪಿದರೆ ಚಿಂತೆಯಿಲ್ಲ. ತಿದ್ದುವವರು ಅಲ್ಲಿಯೂ ಇರುವರು.