ಟಾಪ್ ಎಂಡ್ ಅಂದ್ರೆ ಯಾರಿಗೆ ಟಾಪ್?

"ಅಣ್ಣಾ, ಬಾಡಿಗೆ ಗಾಡಿ ಸಾಕಾಯ್ತು. ನಾವೇ ಒಂದು ಪಿಕಪ್ ತಗೊಳ್ಳೋಣ ಅಂತಿದೀನಿ."

2025ರ ಆಗಸ್ಟ್‌ನ ಒಂದು ರಾತ್ರಿ ತಮ್ಮ ಫೋನ್ ಮಾಡಿ ಹೀಗಂದಾಗ ನಾನು ಮೈಸೂರಿನ ವಿಜಯನಗರ ನಾಲ್ಕನೇ ಹಂತದ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. "ನೀನು ತಲೆ ಕೆಡಿಸ್ಕೋಬೇಡ, ನಾನು ಕಂಪೇರ್ ಮಾಡಿ ಹೇಳ್ತೀನಿ" ಅಂದೆ. ಸಾಫ್ಟ್‌ವೇರ್‌ನವರಿಗೆ ಇದೊಂದು ಕಾಯಿಲೆ. ಮಿಕ್ಸಿ ತಗೊಳ್ಳೋಕೂ ನಮಗೆ ಸ್ಪ್ರೆಡ್‌ಶೀಟ್ ಬೇಕು.

ನಂಜನಗೂಡಿನಿಂದ ಹತ್ತು ಕಿಲೋಮೀಟರ್ ಒಳಗೆ ನಮ್ಮೂರು. ಮೂರು ಎಕರೆ ಜಮೀನು. ನಾನು ಇಂಜಿನಿಯರಿಂಗ್ ಮಾಡಿ ಹೆಬ್ಬಾಳದ ಒಂದು ಕಂಪನಿ ಸೇರಿದೆ, ತಮ್ಮ ಅಪ್ಪನ ಜೊತೆ ಹೊಲದಲ್ಲಿ ಉಳಿದ. ನಮ್ಮ ಟೊಮೆಟೊ, ಬೀನ್ಸ್ ಜೊತೆ ಅಕ್ಕಪಕ್ಕದವರ ತರಕಾರಿಯನ್ನೂ ಸೇರಿಸಿ ಬಂಡೀಪಾಳ್ಯದ ಎಪಿಎಂಸಿಗೆ ಒಯ್ಯುತ್ತಾನೆ. ವಾರಕ್ಕೆರಡು ಸಲ ಬಂಡೀಪುರ ದಾಟಿ ಕೇರಳದ ಸುಲ್ತಾನ್ ಬತ್ತೇರಿಗೂ ಹೋಗ್ತಾನೆ. ಹೊರೋದೆಲ್ಲ ಬಾಡಿಗೆ ಪಿಕಪ್‌ನಲ್ಲಿ. ಡ್ರೈವಿಂಗ್ ಇವನದೇ, ಲಾಭ ಗಾಡಿ ಮಾಲೀಕನದು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತ್ತಲ್ಲ, ಆಗ ಕೈಗೆ ಬಂದ ದುಡ್ಡನ್ನು ಅವನು ಮುಟ್ಟದೆ ಇಟ್ಟಿದ್ದ. ಅದೇ ಡೌನ್ ಪೇಮೆಂಟ್. ಸಾಲಕ್ಕೆ ಜಾಮೀನು ನಾನು.

ಎರಡು ರಾತ್ರಿ ಕೂತು ಶೀಟ್ ಮಾಡಿದೆ. ಮೂವತ್ತೆಂಟು ಸಾಲು. ಪ್ರತಿ ಫೀಚರ್‌ಗೆ ಅಂಕ, ಪ್ರತಿ ಅಂಕಕ್ಕೆ ತೂಕ, ಕೊನೆಗೆ ಒಟ್ಟು ಸ್ಕೋರ್. ಆಸೆಗೆ ಅಂತ ಟೊಯೊಟಾ ಹಿಲಕ್ಸ್, ಇಸುಜು ವಿ-ಕ್ರಾಸ್ ಕೂಡ ಸೇರಿಸಿದ್ದೆ. ಹಿಲಕ್ಸ್ ತಯಾರಾಗೋದು ಇಲ್ಲೇ ಬಿಡದಿಯಲ್ಲಿ. ಬೆಲೆ ಮೂವತ್ತು ಲಕ್ಷದ ಆಸುಪಾಸು, ಹೊರೋದು ಮಾತ್ರ ಅರ್ಧ ಟನ್‌ಗೂ ಕಡಿಮೆ. ಅದರ ಮೂರನೇ ಒಂದು ಭಾಗದ ಬೆಲೆಗೆ ಸಿಗೋ ಬೊಲೆರೊ ಪಿಕಪ್ ಅದರ ಎರಡೂವರೆ ಪಟ್ಟು ಹೊರುತ್ತೆ. ಪಿಕಪ್ ಅನ್ನೋ ಒಂದೇ ಹೆಸರಲ್ಲಿ ಎರಡು ಲೋಕ ಇವೆ ಅಂತ ನಂಗೆ ಗೊತ್ತಾಗಿದ್ದು ಆವಾಗಲೇ. ಅಮೆರಿಕದ ಟೆಕ್ಸಾಸ್‌ನಲ್ಲಿರುವ ನನ್ನ ಕ್ಲಾಸ್‌ಮೇಟ್ ಹೇಳ್ತಾನೆ, ಅಲ್ಲಿ ಫೋರ್ಡ್ ಎಫ್-150 ಒಂದೇ ಗಾಡಿಗೆ ಎಕ್ಸ್‌ಎಲ್, ಎಕ್ಸ್‌ಎಲ್‌ಟಿ, ಲ್ಯಾರಿಯಟ್, ಕಿಂಗ್ ರಾಂಚ್, ಪ್ಲಾಟಿನಂ ಅಂತ ಮೆಟ್ಟಿಲು ಮೆಟ್ಟಿಲಾಗಿ ಟ್ರಿಮ್‌ಗಳಿವೆಯಂತೆ. ಕೆಳಗಿನದು ಕೆಲಸದವನಿಗೆ, ಮೇಲಿನದು ತೋರಿಕೆಗೆ. ನಮ್ಮಲ್ಲಿ ಆ ಮೆಟ್ಟಿಲು ಕಡಿಮೆ, ಆದರೆ ಗೊಂದಲ ಕಡಿಮೆಯಿಲ್ಲ.

ಉದಾಹರಣೆಗೆ ಬೊಲೆರೊ ಮ್ಯಾಕ್ಸ್ ಪಿಕಪ್. ಸಿಟಿ 1.3, ಎಚ್‌ಡಿ 1.7, ಎಚ್‌ಡಿ 2.0 ಅಂತೆಲ್ಲ ಹೆಸರು, ಜೊತೆಗೆ ಎಲ್‌ಎಕ್ಸ್, ವಿಎಕ್ಸ್‌ಐ ಅಂತ ಟ್ರಿಮ್. ನಾನು ಕಾರಿನ ಅಭ್ಯಾಸದಲ್ಲಿ 1.3, 2.0 ಅಂದ್ರೆ ಎಂಜಿನ್ ಲೀಟರ್ ಅಂತ ತಿಳಿದು, "2.0 ಪವರ್ ಜಾಸ್ತಿ" ಅಂತ ಅಂಕ ಕೊಟ್ಟಿದ್ದೆ. ತಮ್ಮ ಫೋನಿನಲ್ಲಿ ಶೀಟ್ ನೋಡಿ ನಕ್ಕಿದ್ದು ನಕ್ಕಿದ್ದೇ.

"ಅಣ್ಣಾ, ಅದು ಟನ್. ಎಂಜಿನ್ ಎಲ್ಲಾ ಡೀಸೆಲ್‌ಗೂ ಎರಡೂವರೆ ಲೀಟರೇ. 1.3 ಅಂದ್ರೆ ಸಾವಿರದ ಮುನ್ನೂರು ಕೆಜಿ ಹೊರುತ್ತೆ ಅಂತ."

ಅಂದ್ರೆ ಲೆಕ್ಕ ಬೇರೆಯೇ. ಒಂದು ಕ್ರೇಟ್ ಟೊಮೆಟೊಗೆ ಇಪ್ಪತ್ತೈದು ಕೆಜಿ ಹಿಡಿದರೆ 1.3 ಟನ್‌ಗೆ 52 ಕ್ರೇಟು, 1.7 ಟನ್‌ಗೆ 68. ನನ್ನ ಮೂವತ್ತೆಂಟು ಸಾಲಿನಲ್ಲಿ ಕ್ರೇಟು ಅನ್ನೋ ಪದವೇ ಇರಲಿಲ್ಲ. ಹಿಂದಿನ ಪಟ್ಟಿಯಲ್ಲಿ ಎಷ್ಟು ಎಲೆ, ಡಾಲಾ ನೆಲದಿಂದ ಎಷ್ಟು ಎತ್ತರ, ಕ್ರೇಟು ಎತ್ತಿಡೋನ ಸೊಂಟ ಉಳಿಯುತ್ತಾ, ನಂಜನಗೂಡಿನಲ್ಲಿ ರಿಪೇರಿ ಮಾಡ್ತಾರಾ, ಇದ್ಯಾವುದೂ ಇರಲಿಲ್ಲ. ಟಚ್ ಸ್ಕ್ರೀನ್‌ಗೆ ಮಾತ್ರ ಐದು ಅಂಕ ಇತ್ತು.

ಬ್ರೋಷರ್‌ನಲ್ಲಿ ಇಲ್ಲದ ಕೆಲವು ಸಾಲುಗಳನ್ನು ಆಮೇಲೆ ಸೇರಿಸಿದೆ. ಒಟ್ಟು ತೂಕ, ಅಂದ್ರೆ ಗಾಡಿ ಮತ್ತು ಸರಕು ಸೇರಿ, 3000 ಕೆಜಿ ಮೀರದ ಗೂಡ್ಸ್ ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಬೇಕಿಲ್ಲ. ಚಿಕ್ಕ ಪಿಕಪ್‌ಗಳ ತೂಕ ಈ ಗೆರೆಯ ಒಳಗೇ ನಿಂತಿರೋದು ಕಾಕತಾಳೀಯ ಅಲ್ಲ. ಹಳದಿ ಬೋರ್ಡ್ ಆದ್ದರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು: ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಲೈಸೆನ್ಸ್ ಬಗ್ಗೆ ಅಪ್ಪನಿಗೆ ಭಯ ಇತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವೇ ಹೇಳಿದೆ, ಎಲ್‌ಎಂವಿ ಲೈಸೆನ್ಸ್ ಇದ್ದವರು 7500 ಕೆಜಿ ಒಳಗಿನ ಸಾರಿಗೆ ವಾಹನ ಓಡಿಸಬಹುದು ಅಂತ. ಕೆಲವು ಗಾಡಿಗಳನ್ನು ಹಿಂದೆ ಡಾಲಾ ಇಲ್ಲದೆ ಬರೀ ಕ್ಯಾಬಿನ್ ಮತ್ತು ಚಾಸಿ ಮಾತ್ರ ಕೊಡ್ತಾರೆ. ಬಾಡಿ ನಾವೇ ಕಟ್ಟಿಸ್ಕೋಬೇಕು. ಅಗ್ಗ ಅಂತ ನಾನು ಅದಕ್ಕೆ ಅಂಕ ಕೊಟ್ಟಿದ್ದೆ. "ದಪ್ಪ ಕಬ್ಬಿಣ ಹಾಕಿ ಬಾಡಿ ಕಟ್ಟಿದ್ರೆ ಅದರ ತೂಕ ಹೊರೋ ತೂಕದಲ್ಲೇ ಕಳೀತದೆ" ಅಂದ ತಮ್ಮ. ಆ ಸಾಲೂ ಹೋಯ್ತು.

ಸೆಪ್ಟೆಂಬರ್ ಮೊದಲ ವಾರ ಜಿಎಸ್‌ಟಿ ಸುದ್ದಿ ಬಂತು. ಗೂಡ್ಸ್ ಗಾಡಿಗಳ ತೆರಿಗೆ 28ರಿಂದ 18 ಪರ್ಸೆಂಟ್‌ಗೆ, ಸೆಪ್ಟೆಂಬರ್ 22ರಿಂದ. ತೆರಿಗೆಗೆ ಮುಂಚೆ ಎಂಟು ಲಕ್ಷ ಇರೋ ಗಾಡಿಗೆ 80 ಸಾವಿರ ಇಳಿಕೆ. ಬಾನು ಮುಷ್ತಾಕ್ ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದ್ದೂ ಅದೇ ದಿನ. ಆಯುಧ ಪೂಜೆಗೆ ಗಾಡಿ ಮನೆಗೆ ಬರಬೇಕು ಅಂತ ಅಪ್ಪ ಅಪ್ಪಣೆ ಕೊಟ್ಟರು.

ಅಷ್ಟರಲ್ಲಿ ಆಯ್ಕೆ ಒಂದೇ ಗಾಡಿಯ ಎರಡು ಟ್ರಿಮ್‌ಗೆ ಇಳಿದಿತ್ತು. ಯಾವ ಕಂಪನಿ ಅಂತ ಹೇಳಲ್ಲ, ಇದು ಜಾಹೀರಾತಲ್ಲ. ಕೆಳಗಿನದು, ಮೇಲಿನದು ಅಂತಲೇ ಕರೀತೀನಿ. ಮೇಲಿನದಕ್ಕೆ ನಲವತ್ತೆರಡು ಸಾವಿರ ಜಾಸ್ತಿ. ಅದರಲ್ಲಿ ಗಾಡಿ ಎಲ್ಲಿದೆ ಅಂತ ಫೋನಿನಲ್ಲೇ ತೋರಿಸೋ ಆ್ಯಪ್, ಮ್ಯೂಸಿಕ್ ಸಿಸ್ಟಂ, ಎತ್ತರ ಮತ್ತು ಒರಗು ಹೊಂದಿಸಬಹುದಾದ ಡ್ರೈವರ್ ಸೀಟು, ಇನ್ನೊಂದಿಷ್ಟು ಚಿಲ್ಲರೆ.

ಶೋರೂಮಿನಲ್ಲಿ ಸೇಲ್ಸ್ ಹುಡುಗ ನನ್ನ ಜೊತೆಗೇ ಮಾತಾಡ್ತಿದ್ದ. ಫೋನ್ ಹಿಡಿದಿದ್ದೋನು ನಾನಲ್ವಾ! ತಮ್ಮ ಆಗಲೇ ಗಾಡಿ ಕೆಳಗೆ ಮಲಗಿ ಪಟ್ಟಿ ಎಣಿಸ್ತಿದ್ದ. ಎದ್ದು ಬಂದು ಅಂಗಿ ಕೊಡವಿಕೊಂಡು, "ಕೆಳಗಿನದೇ ಸಾಕು" ಅಂದ.

"ಜಿಎಸ್‌ಟಿ ಇಳಿದಿದೆ, ಅದೇ ದುಡ್ಡಲ್ಲಿ ಮೇಲಿನದು ಬರುತ್ತಲ್ಲೋ. ಬರೀ ನಲವತ್ತೆರಡು ಸಾವಿರ."

"ಬರೀ? ಎಲ್ಲಾ ಕಳೆದು ಒಂದು ಟ್ರಿಪ್ಪಿಗೆ ನಂಗೆ ಉಳಿಯೋದು ಏಳುನೂರು. ಅರವತ್ತು ಟ್ರಿಪ್ಪಾಯ್ತು. ನಿಂಗೆ ಅದು ಅರ್ಧ ತಿಂಗಳ ಸಂಬಳ ಇರಬಹುದು, ನಂಗೆ ಅರವತ್ತು ಬೆಳಗಿನ ಜಾವ."

ನಾನು ಸುಮ್ಮನಾಗಲಿಲ್ಲ. "ಆ್ಯಪ್ ಇದ್ರೆ ನೀನು ರಾತ್ರಿ ಎಲ್ಲಿದೀಯ ಅಂತ ನಂಗೆ ಗೊತ್ತಾಗುತ್ತೆ" ಅಂದುಬಿಟ್ಟೆ.

"ನಂಗೆ ಗೊತ್ತಿರುತ್ತಲ್ಲ ನಾನೆಲ್ಲಿದೀನಿ ಅಂತ. ನೀನು ಮೈಸೂರಲ್ಲಿ ಆರಾಮಾಗಿ ನಿದ್ದೆ ಮಾಡೋಕೆ ನಾನು ಅರವತ್ತು ಟ್ರಿಪ್ ಹೊಡೀಬೇಕಾ?"

ವಾಪಸ್ ಬರೋವಾಗ ಬೈಕಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಅವನ ಮಾತು ಚುಚ್ಚಿತ್ತು, ಯಾಕಂದ್ರೆ ನಿಜ ಇತ್ತು. ಮೂವತ್ತೆಂಟು ಸಾಲಿನಲ್ಲಿ ಜಾಸ್ತಿ ತೂಕ ಕೊಟ್ಟಿದ್ದ ಸಾಲು ಆ ಆ್ಯಪ್‌ನದು. ಅದು ಗಾಡಿಯ ಫೀಚರ್ ಅಲ್ಲ, ಊರು ಬಿಟ್ಟು ಬಂದೋನ ಅಳುಕು. ದುಡ್ಡು ಕೊಟ್ಟು ಅದನ್ನು ಕಳ್ಕೊಳ್ಳೋಣ ಅಂತ ನೋಡಿದ್ದೆ.

ಮುಂದಿನ ವಾರ ಬತ್ತೇರಿ ಟ್ರಿಪ್ಪಿಗೆ ನಾನೂ ಬರ್ತೀನಿ ಅಂದೆ. ರಾತ್ರಿ ಮೂರಕ್ಕೆ ಊರು ಬಿಟ್ಟೆವು. ಬಾಡಿಗೆ ಗಾಡಿ, ಕೆಳಗಿನ ಟ್ರಿಮ್‌ನಂಥದ್ದೇ. ಗುಂಡ್ಲುಪೇಟೆ ದಾಟಿ ಮದ್ದೂರು ಚೆಕ್‌ಪೋಸ್ಟ್ ಹತ್ತಿರ ನಿಂತಾಗ ನಾಲ್ಕೂವರೆ. ಬಂಡೀಪುರ ಕಾಡಿನೊಳಗೆ ಆ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ಬಂದ್. ನಮ್ಮ ಮುಂದೆ ಆಗಲೇ ತರಕಾರಿ ಗಾಡಿಗಳ ಸಾಲು.

"ಒಂದೂವರೆ ಗಂಟೆ ಇದೆ, ಮಲ್ಕೋ" ಅಂದ. ಎಲ್ಲಿ ಮಲಗೋದು? ಸೀಟಿನ ಬೆನ್ನು ನೆಟ್ಟಗೆ ಹಲಗೆ ಥರ. ತಲೆ ಒಂದೋ ಗಾಜಿಗೆ ಬಡೀಬೇಕು, ಇಲ್ಲ ಎದೆಗೆ ಬೀಳಬೇಕು. ಅವನು ಸ್ಟೀರಿಂಗ್ ಮೇಲೆ ಟವೆಲ್ ಹಾಸಿ, ಅದರ ಮೇಲೆ ಹಣೆ ಇಟ್ಟು, ಎರಡೇ ನಿಮಿಷಕ್ಕೆ ನಿದ್ದೆ ಹೋದ. ಎಷ್ಟು ಅಭ್ಯಾಸ ಆಗಿತ್ತು ಅಂದ್ರೆ ಟವೆಲ್ ಮಡಿಕೆಯೇ ಹಣೆಯ ಅಳತೆಗೆ ಇತ್ತು. ಐದೂಮುಕ್ಕಾಲಿಗೆ ಎದ್ದು, ಸೊಂಟ ಹಿಡ್ಕೊಂಡು ಕೆಳಗಿಳಿದು, ಗಾಡಿಗೆ ಕೈ ಕೊಟ್ಟು ನಿಂತ. ಇಪ್ಪತ್ತೇಳು ವರ್ಷದ ಹುಡುಗ. ನಮ್ಮಪ್ಪ ನಿಲ್ಲೋ ಹಾಗೇ ನಿಂತಿದ್ದ. ಆಮೇಲೆ ಕಾಡಿನ ದಾರಿ. ಆ ಒಂದೂವರೆ ಗಂಟೆ ನಿದ್ದೆ ಸರಿಯಾಗದಿದ್ರೆ ಏನಾಗಬಹುದು ಅಂತ ಯೋಚನೆ ಬಂದು ನಾನು ದಾರಿಯುದ್ದಕ್ಕೂ ಬಾಯಿ ತೆರೆಯಲಿಲ್ಲ.

ಇನ್ನೊಂದು ವಿಷಯ ಓದಿದ್ದು ನೆನಪಾಯ್ತು. 2025ರಿಂದ ದೊಡ್ಡ ಟ್ರಕ್‌ಗಳ ಹೊಸ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಆದರೆ ಅದು ಒಟ್ಟು ತೂಕ 3.5 ಟನ್ ಮೀರಿದ ಗಾಡಿಗಳಿಗೆ. ಅದರ ಕೆಳಗಿರೋ ಪಿಕಪ್ ಡ್ರೈವರ್‌ಗೆ ಕಾನೂನು ಏನೂ ಕೊಡಲ್ಲ. ಅವನಿಗೆ ಸಿಗೋದು ಟ್ರಿಮ್ ಕೊಟ್ಟಷ್ಟೇ.

ಮನೆಗೆ ಬಂದು ಅಪ್ಪನ ಮುಂದೆ ಸೀಟಿನ ವಿಷಯ ಎತ್ತಿದೆ. ಆ್ಯಪ್ ಬಗ್ಗೆ ಮಾತೇ ಆಡಲಿಲ್ಲ. ತಮ್ಮ ಮತ್ತೆ ಅರವತ್ತು ಟ್ರಿಪ್ಪಿನ ಲೆಕ್ಕ ಶುರು ಮಾಡಿದ. ಅಪ್ಪ ಎಲೆಯಡಿಕೆ ಹಾಕ್ಕೊಂಡು ಕೇಳ್ತಾ ಇದ್ದೋರು, "ಎತ್ತಿಗೆ ನೊಗ ಒತ್ತಿದ್ರೆ ಗೋಣಿತಾಟು ಸುತ್ತುತೀವಿ. ಓಡಿಸೋನಿಗೆ ಒಂದು ಸೀಟು ನೋಡಬಾರ್ದಾ?" ಅಂದರು. ಅಲ್ಲಿಗೆ ಮುಗೀತು.

ಟನ್, ಪಟ್ಟಿ, ಡಾಲಾ ತಮ್ಮ ಹೇಳಿದ್ದೇ. ಟ್ರಿಮ್ ಮೇಲಿನದು, ಸೀಟಿಗೋಸ್ಕರ. ನಲವತ್ತೆರಡು ಸಾವಿರ ನಾನು ಕೊಟ್ಟೆ. ತಮ್ಮ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಟ್ರಿಪ್ಪಿಗೆ ನೂರರಂತೆ ವಾಪಸ್ ಕೊಡ್ತೀನಿ, ಬೇಡ ಅನ್ನಬಾರದು. ಬೇಡ ಅನ್ನಲಿಲ್ಲ. ಪ್ರತಿ ತಿಂಗಳು ಲೆಕ್ಕ ಹಾಕಿ ಕಳಿಸ್ತಾನೆ.

ಫೋನಿನಲ್ಲಿ ವೇರಿಯಂಟ್ ಕಂಪೇರ್ ಮಾಡ್ತಾ ಕೂತಿರೋ ನನ್ನಂಥೋರಿಗೆ, ಕಾರಾಗಲಿ ಪಿಕಪ್ ಆಗಲಿ, ಎರಡು ಮಾತು. ಒಂದು, ಟಿಕ್ ಮಾರ್ಕ್ ಎಣಿಸಬೇಡಿ. ಆ ಫೀಚರ್ ಯಾರ ಮೈಗೆ, ದಿನಕ್ಕೆ ಎಷ್ಟು ಗಂಟೆ ತಾಗುತ್ತೆ ಅಂತ ಎಣಿಸಿ. ಸ್ಕ್ರೀನ್ ಬೇಕಾದ್ರೆ ಆಮೇಲೆ ಹೊರಗೆ ಹಾಕಿಸಬಹುದು. ಸೀಟು, ಬ್ರೇಕು, ಪಟ್ಟಿ ಕಂಪನಿಯಿಂದಲೇ ಸರಿಯಾಗಿ ಬರಬೇಕು. ಎರಡು, ಓಡಿಸೋರು ನೀವಲ್ಲದಿದ್ರೆ, ಓಡಿಸೋರ ಜೊತೆ ಒಂದು ದಿನ ಕೂತು ಬನ್ನಿ. ಟೆಸ್ಟ್ ಡ್ರೈವ್ ಸಾಲಲ್ಲ. ಹತ್ತು ನಿಮಿಷದಲ್ಲಿ ಯಾವ ಸೀಟೂ ನೋಯಲ್ಲ.

ಅಕ್ಟೋಬರ್ 1, ಆಯುಧ ಪೂಜೆ. ಊರ ಮನೆ ಮುಂದೆ ಗಾಡಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟೆವು. ಅಮ್ಮ ಮೊದಲು ಹತ್ತಿ ಕೂತಿದ್ದು ಡ್ರೈವರ್ ಸೀಟಿನಲ್ಲೇ. ತಮ್ಮ ಸನ್ನೆ ಎಳೆದು ಸೀಟು ಹಿಂದಕ್ಕೆ ಒರಗಿಸಿದ. "ಅಯ್ಯೋ ಬೀಳ್ತೀನಿ ಕಣೋ!" ಅಂತ ಅಮ್ಮ ಕೂಗಿದ್ದು ಬೀದಿಗೆಲ್ಲ ಕೇಳಿಸ್ತು.

ಆ ಆ್ಯಪ್ ಇವತ್ತಿನವರೆಗೂ ನನ್ನ ಫೋನಿನಲ್ಲಿ ಹಾಕ್ಕೊಂಡಿಲ್ಲ. ಬತ್ತೇರಿ ಟ್ರಿಪ್ ಇರೋ ದಿನ ಬೆಳಿಗ್ಗೆ ಆರಕ್ಕೆ, ಗೇಟು ತೆಗೀತಿದ್ದಂಗೆ ತಮ್ಮ ಒಂದು ಮಿಸ್ಡ್ ಕಾಲ್ ಕೊಡ್ತಾನೆ. ನಾನು ಎತ್ತಲ್ಲ. ಚೆನ್ನಾಗಿ ನಿದ್ದೆ ಆಗಿದೆ, ಹೊರಟೆ ಅಂತ ಅರ್ಥ.