ಸಿಗ್ನಲ್‌ನಲ್ಲಿ ಮಾತ್ರ ಬಿಸಿ

ಚೆನ್ನೈನ ಅಶೋಕ್ ನಗರದಿಂದ ಕೀಳ್ಪಾಕ್‌ವರೆಗೆ ಎಷ್ಟು ಸಿಗ್ನಲ್‌ಗಳಿವೆ, ಯಾವುದರಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ರಾಯರ ಹೆಂಡತಿಗೆ ಬಾಯಿಪಾಠ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಅದೇ ದಾರಿ, ಅದೇ 2004ರ ಕಾರು. ಬ್ಯಾಂಕ್ ಕೆಲಸದ ಮೇಲೆ ಮಧುಗಿರಿ ಕಡೆಯಿಂದ ಬಂದು ಇಲ್ಲೇ ನಿಂತ ರಾಯರು ಸಾಲ ತೀರಿಸಿ ತಮ್ಮದು ಮಾಡಿಕೊಂಡ ಮೊದಲ ಕಾರು ಅದು. ಪುಣೆಯಿಂದ ಮಗ ಫೋನ್ ಮಾಡಿ, “ಟ್ಯಾಕ್ಸಿ ಮಾಡ್ಕೊಂಡು ಹೋಗಪ್ಪಾ” ಅಂದರೆ, “ನಮ್ಮ ಕಾರಲ್ಲಿ ಅವಳು ಕಾಲು ಚಾಚಿ ಮಲಗ್ತಾಳೆ ಕಣೋ” ಎಂದು ಮಾತು ಮುಗಿಸುತ್ತಿದ್ದರು.

ಏಪ್ರಿಲ್‌ನಲ್ಲಿ ಆ ಕಾರಿನ ಎಸಿ ಕೈಕೊಟ್ಟಿತು.

ಬೇರೆಯವರಾದರೆ ಒಂದು ಬಾಟಲಿ ನೀರು ಕುಡಿದು ಸೆಕೆ ತಡೆದುಕೊಂಡಾರು. ಆಕೆಗೆ ವೈದ್ಯರು ಹೇಳಿದ ಲೆಕ್ಕ ದಿನಕ್ಕೆ ಒಂದು ಲೀಟರ್, ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿ ಎದ್ದಾಗ ಬಿ.ಪಿ. ಬೇರೆ ಇಳಿದಿರುತ್ತದೆ. ಒಂದು ಮಧ್ಯಾಹ್ನ ಅಮಿಂಜಿಕರೈ ಸಿಗ್ನಲ್‌ನಲ್ಲಿ ಆಕೆಯ ತಲೆ ಕಿಟಕಿಗೆ ವಾಲಿತು. ರಾಯರು ಹಾರ್ನ್ ಒತ್ತುತ್ತಲೇ ಮತ್ತೆ ಆಸ್ಪತ್ರೆಗೆ ತಿರುಗಿಸಿದರು.

ಮಾರನೆಯ ದಿನ ಗ್ಯಾರೇಜಿನವರು ಕಾರನ್ನು ಸರಿಯಾಗಿ ನೋಡುವ ಮೊದಲೇ ಹೇಳಿದರು: ಗ್ಯಾಸ್ ಹೋಗಿದೆ, ಹಾಕಿಸಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಇದ್ದಂತೆ ಹಳೆಯ ಕಾರಿನ ಎಸಿಗೆ ಈ ಗ್ಯಾಸ್. ಅದು ಪೆಟ್ರೋಲಿನಂತೆ ಉರಿದು ಖರ್ಚಾಗುವಂಥದ್ದಲ್ಲ, ಕೊಳವೆಗಳೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿದ್ದೆಲ್ಲಿ ಎಂದು ಯಾರೂ ಹುಡುಕಲಿಲ್ಲ. ಗ್ಯಾಸ್ ತುಂಬಿ, ಖಾಲಿ ರಸ್ತೆಯಲ್ಲಿ ಒಂದು ಸುತ್ತು ಓಡಿಸಿದರು. ತಣ್ಣಗಿತ್ತು. ಎರಡು ವಾರಕ್ಕೆ ಮತ್ತೆ ಹೋದಾಗ ಇನ್ನಷ್ಟು ತುಂಬಿದರು. ಅಲ್ಲಿಂದಾಚೆಗೆ ಮೊದಲಿಗಿಂತ ಕೆಟ್ಟಿತು.

ಅಗ್ನಿ ನಕ್ಷತ್ರ ಶುರುವಾದ ವಾರ ರಾಯರು ಸೋತು ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದರು. ಆಸ್ಪತ್ರೆಗೆ ಹೊರಟ ದಾರಿಯಾದ್ದರಿಂದ ಹೆಂಡತಿಯೂ ಹಿಂದಿನ ಸೀಟಿನಲ್ಲಿದ್ದರು. ರಾಯರು ಕಂಪ್ರೆಸರ್, ಕೂಲಿಂಗ್ ಕಾಯಿಲ್ ಎಂದು ತಮಗೆ ತಿಳಿದದ್ದೆಲ್ಲ ಹೇಳಿದರು. ಆತ ಕೇಳಿಸಿಕೊಂಡು, ಹಿಂದಿನ ಕಿಟಕಿಗೆ ಬಗ್ಗಿ, “ಯಾವಾಗಮ್ಮಾ ಬಿಸಿ ಗಾಳಿ ಬರೋದು?” ಎಂದು ತಮಿಳಿನಲ್ಲಿ ಕೇಳಿದ.

ತರಕಾರಿ ಕೊಳ್ಳುವಷ್ಟೇ ತಮಿಳು ಬರುವ ಆಕೆ ತಡವರಿಸದೆ ಹೇಳಿದರು: “ನಿಂತಾಗ. ವಡಪಳನಿ ಸಿಗ್ನಲ್‌ನಲ್ಲಿ ಬಿಸಿ, ದಾಟಿ ಓಡಿದರೆ ತಣ್ಣಗೆ.”

“ನನಗೆ ಹೇಳಲೇ ಇಲ್ಲವಲ್ಲೇ!” ಎಂದರು ರಾಯರು.

“ಹೇಳಿದ್ದೆ ಕಣ್ರೀ. ಸುಮ್ನಿರು, ಗ್ಯಾಸ್ ಹಾಕಿಸಿದೀನಿ ಅಂದ್ರಿ.”

ಆತ ಬಾನೆಟ್ ಎತ್ತಿ ಮೀಟರ್ ಜೋಡಿಸಿದ. ಕಾರಿನ ಮೂತಿಯಲ್ಲಿ ರೇಡಿಯೇಟರ್‌ಗೂ ಮುಂದೆ ಕಂಡೆನ್ಸರ್ ಇದೆ. ಒಳಗಿನ ಶಾಖವೆಲ್ಲ ಹೊರಹೋಗುವುದು ಅಲ್ಲಿಂದ. ಓಡುವಾಗ ಎದುರುಗಾಳಿ ಅದನ್ನು ತಣಿಸುತ್ತದೆ, ನಿಂತಾಗ ಫ್ಯಾನ್ ತಣಿಸಬೇಕು. ಎಸಿ ಹಾಕಿದರೂ ಆ ಫ್ಯಾನ್ ಮಿಸುಕಲಿಲ್ಲ. ಆ ಸೆಕೆಯಲ್ಲಿ 250ರ ಆಸುಪಾಸು ಇರಬೇಕಾದ ಮುಳ್ಳು 350 ದಾಟಿ ಏರುತ್ತಲೇ ಹೋಯಿತು. ಕೊನೆಗೆ ಟಕ್ ಎಂದು ಕಂಪ್ರೆಸರ್ ನಿಂತಿತು. ಆತ ಒಂದು ಬಕೆಟ್ ನೀರು ತಂದು ಕಂಡೆನ್ಸರ್ ಮೇಲೆ ಮೆಲ್ಲಗೆ ಸುರಿದ. ಮುಳ್ಳು ಇಳಿಯಿತು, ಕಂಪ್ರೆಸರ್ ಮತ್ತೆ ಹಿಡಿಯಿತು, ನಿಂತ ಕಾರಿನೊಳಗೆ ತಂಗಾಳಿ ಬಂತು.

“ಕಾರಿಗಾದ್ರೆ ಒಂದು ಬಕೆಟ್ಟು” ಎಂದರು ಆಕೆ. ಯಾರೂ ನಗಲಿಲ್ಲ. ಆಕೆಯೇ ನಕ್ಕರು.

ಕೋಲಿನಿಂದ ರೆಕ್ಕೆಯನ್ನು ತಳ್ಳಿದರೆ ಫ್ಯಾನ್ ಒಂದಿಷ್ಟು ತಿರುಗಿ ನಿಲ್ಲುತ್ತಿತ್ತು. ಮೋಟರಿನ ಬ್ರಷ್ ಸವೆದಿತ್ತು. ರೇಡಿಯೇಟರಿನ ಫ್ಯಾನ್ ಬೇರೆ ಇದ್ದು ಚೆನ್ನಾಗಿಯೇ ಓಡುತ್ತಿದ್ದುದರಿಂದ ಎಂಜಿನ್ ಕಾಯದೆ ಎಲ್ಲರನ್ನೂ ಏಮಾರಿಸಿತ್ತು. ಸಂಜೆ ಪುದುಪೇಟ್ಟೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಅಳತೆಗೆ ಸರಿಹೋಗುವ ಮೋಟರ್ ಸಿಕ್ಕಿತು. ಹೆಚ್ಚಾಗಿ ತುಂಬಿದ್ದ ಗ್ಯಾಸನ್ನು ತೆಗೆದು, ಬಾನೆಟ್ ಒಳಗಿನ ಚೀಟಿಯಲ್ಲಿ ಬರೆದಷ್ಟನ್ನೇ ತೂಗಿ ಹಾಕಿದ್ದಾಯಿತು.

ಮುಂದಿನ ಡಯಾಲಿಸಿಸ್ ದಿನ ವಡಪಳನಿಯಲ್ಲಿ ಕೆಂಪು ಬಿತ್ತು. ಮುಂಭಾಗದಲ್ಲಿ ಫ್ಯಾನ್ ಗುಂಯ್ ಎನ್ನತೊಡಗಿತು. ಹಿಂದಿನ ಸೀಟಿಗೆ ಗಾಳಿ ತಲುಪುತ್ತಿದೆಯೇ ಎಂದು ರಾಯರು ಕನ್ನಡಿಯಲ್ಲಿ ನೋಡುತ್ತಲೇ ಇದ್ದರು.

“ಹಸಿರಾಯ್ತು ಕಣ್ರೀ, ಹೊರಡಿ” ಎಂದರು ಆಕೆ.